ಬಾಣಂತನದ ವೀಸಾ

ಹೈಸ್ಕೂಲಿನ ಕೊನೆಯ ವರ್ಷ ನಾನು ಒಂದು ದೇಶದ ಬಗ್ಗೆ ಎಂಟು ನಿಮಿಷ ಮಾತಾಡಿ ಚರ್ಚಾಸ್ಪರ್ಧೆಯ ಫೈನಲ್ ಗೆದ್ದೆ. ಪೆಸಿಫಿಕ್ ಸಾಗರದ ತುವಾಲು. ವಿಷಯ ಕೈಗೆ ಬಂದದ್ದು ಸ್ಪರ್ಧೆಗೆ ಒಂದು ತಾಸು ಮೊದಲು: ಸಣ್ಣ ದ್ವೀಪದೇಶಗಳು ತಮ್ಮ ಜನರನ್ನು ಹೊರಗೆ ಕಳಿಸಿಯೇ ಬದುಕಬೇಕು. ನಾಣ್ಯ ಚಿಮ್ಮಿ ಪಕ್ಷ ಹಂಚಿದರು, ನಮಗೆ 'ಹೌದು' ಬಂತು. 'ಅಲ್ಲ' ಬಂದಿದ್ದರೆ ಅದನ್ನೂ ಅಷ್ಟೇ ಖಚಿತವಾಗಿ ಹೇಳುತ್ತಿದ್ದೆ. ಆ ಒಂದು ತಾಸಿನಲ್ಲಿ ಓದಿಕೊಂಡದ್ದು ಇಷ್ಟು. ಒಂಬತ್ತು ದ್ವೀಪ, ಎಲ್ಲ ಸೇರಿ ಹತ್ತು ಹನ್ನೊಂದು ಸಾವಿರ ಜನ, ಅಂದರೆ ಹುಬ್ಬಳ್ಳಿಯ ಒಂದು ವಾರ್ಡಿಗೂ ಸಾಲದಷ್ಟು. ಮೂರು ಜನ ಒಬ್ಬರ ಹೆಗಲ ಮೇಲೊಬ್ಬರು ನಿಂತರೆ ನಾಡಿನ ಅತಿ ಎತ್ತರದ ನೆಲಕ್ಕೆ ಸಮ. ಆದಾಯವೆಂದರೆ ಬೇರೆ ದೇಶದ ದೋಣಿಗಳು ಅವರ ಕಡಲಲ್ಲಿ ಟ್ಯೂನಾ ಮೀನು ಹಿಡಿಯಲು ಕೊಡುವ ಲೈಸೆನ್ಸ್ ಶುಲ್ಕ, ಇಂಟರ್ನೆಟ್ ವಿಳಾಸದ ಕೊನೆಯಲ್ಲಿ ಬರುವ ತಮ್ಮ ದೇಶದ '.tv' ಎಂಬ ಎರಡಕ್ಷರವನ್ನು ಬಾಡಿಗೆಗೆ ಕೊಟ್ಟದ್ದು, ದೊಡ್ಡ ದೇಶಗಳ ನೆರವು, ಮತ್ತೆ ಪರರ ಹಡಗುಗಳಲ್ಲಿ ದುಡಿಯುವ ಗಂಡಸರು ಮನೆಗೆ ಕಳಿಸುವ ಹಣ. "ಇವರಲ್ಲಿ ಅದಿರಿಲ್ಲ, ಎಣ್ಣೆಯಿಲ್ಲ. ಇವರ ರಫ್ತು ಇವರ ಮಕ್ಕಳೇ" ಎಂದೆ. ಸಭೆಯಲ್ಲಿ ಮೇಜು ಬಡಿದರು.

ನಾವಿದ್ದದ್ದು ನ್ಯೂಜಿಲೆಂಡಿನ ಪೊರಿರುವಾದಲ್ಲಿ. ಧಾರವಾಡದಲ್ಲಿ ಆರನೇ ಇಯತ್ತೆ ಮುಗಿಸಿ ಅಪ್ಪನ ನೌಕರಿಯ ಬೆನ್ನು ಹತ್ತಿ ಬಂದವಳು ನಾನು. ತರಗತಿಯಲ್ಲಿ ಸಮೋವಾದವರಿದ್ದರು, ಟೋಕೆಲಾವಿನವರಿದ್ದರು. ತುವಾಲುವಿನವರು ಇರಲಿಲ್ಲ ಎಂದು ಎಷ್ಟೋ ದಿನ ಹೇಳಿಕೊಂಡು ತಿರುಗಿದೆ. ಇದ್ದರೋ ಏನೋ, ನಾನು ಯಾರನ್ನೂ ಕೇಳಿರಲಿಲ್ಲ ಅನ್ನುವುದು ಹೆಚ್ಚು ಸತ್ಯ.

ಚರ್ಚೆ ಕಲಿಸಿದ ಟೀಚರ್ ನಮಗೆ ಒಂದು ಪಾಠವನ್ನು ಮೈಗೆ ಹತ್ತುವಷ್ಟು ತಿಕ್ಕಿದ್ದರು. ಎದುರಾಳಿಯ ಅತಿ ಬಲವಾದ ವಾದವನ್ನು ಅವರು ಬಾಯಿ ತೆರೆಯುವ ಮೊದಲೇ ನೀನೇ ಹೇಳಿಬಿಡು, ಅವರಿಗಿಂತ ಚೆನ್ನಾಗಿ ಹೇಳು, ಆಮೇಲೆ ಅದನ್ನು ಒಡೆ. ಆಗ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ತೀರ್ಪುಗಾರರಿಗೆ ನೀನು ಪ್ರಾಮಾಣಿಕಳೂ ಅನ್ನಿಸುತ್ತದೆ. ಅಂಕದ ಹಾಳೆಯಲ್ಲಿ ಇದಕ್ಕೆ ಬೇರೆ ಕಾಲಮ್ಮೇ ಇತ್ತು. ನನಗೆ ಆ ಕಾಲಮ್ಮಿನಲ್ಲಿ ಯಾವತ್ತೂ ಪೂರ್ತಿ ಅಂಕ.

ಮುಂದೆ ಓದಲು ಪಾಮರ್ಸ್ಟನ್ ನಾರ್ತ್‌ಗೆ ಬಂದೆ. ಗುಡ್ಡದ ಊರಿನಿಂದ ಬಂದವರಿಗೆ ಅಲ್ಲಿನ ರಸ್ತೆಗಳು ಇಸ್ತ್ರಿ ಮಾಡಿಟ್ಟಂತೆ ಕಾಣುತ್ತವೆ. ಗಾಳಿ ಎದುರಿಗಿಲ್ಲದಿದ್ದರೆ ಸೈಕಲ್ ತಾನೇ ಓಡುತ್ತದೆ. ಒಂದು ಹಳೆಯ ಮರದ ಮನೆಯಲ್ಲಿ ಕೋಣೆ ಸಿಕ್ಕಿತು. ಕಿಟಕಿಯ ಚೌಕಟ್ಟಿನಲ್ಲಿ ವರ್ಷವಿಡೀ ಬೂಷ್ಟು, ಅಡುಗೆಮನೆಯಲ್ಲಿ ಒಂದೇ ಹೀಟರ್. ಇನ್ನೊಂದು ಕೋಣೆಯಲ್ಲಿದ್ದವಳು ನನಗಿಂತ ಐದಾರು ವರ್ಷ ದೊಡ್ಡವಳು, ಒಂದು ವೃದ್ಧಾಶ್ರಮದಲ್ಲಿ ಕೆಲಸ, ತುವಾಲುವಿನವಳು. ಆ ದೇಶದವರಿಗೆ ಇಲ್ಲಿ ನೆಲೆಸಲು ವರ್ಷಕ್ಕೊಮ್ಮೆ ಚೀಟಿ ಎತ್ತುತ್ತಾರೆ. ಅರ್ಜಿ ಹಾಕಿದ ಇಷ್ಟು ಜನರಲ್ಲಿ ಯಾರ ಹೆಸರು ಬಂತೋ ಅವರಿಗೆ ಅವಕಾಶ. ಅವಳ ಹೆಸರು ಬಂದಿತ್ತು.

ಅವಳು ನನ್ನೊಡನೆ ಆಡಿದ್ದು ಇಂಗ್ಲಿಷೇ. ಆದರೆ ನನ್ನ ನೆನಪಿನಲ್ಲಿ ಅವಳು ನಮ್ಮ ಮನೆಯ ಕನ್ನಡ ಆಡುತ್ತಾಳೆ. ಯಾಕೆಂದು ಗೊತ್ತಿಲ್ಲ; ಅವಳ ಮಾತಿನ ಧಾಟಿ ನಮ್ಮ ಓಣಿಯ ಹೆಂಗಸರದಂತೆಯೇ ಇತ್ತು. ಹಾಗೆಯೇ ಬರೆಯುತ್ತೇನೆ.

ಮೊದಲ ವಾರವೇ ಅವಳ ದೇಶದ ಮೇಲೆ ಮಾತಾಡಿ ಕಪ್ ಗೆದ್ದದ್ದನ್ನು ಹೇಳಿಕೊಂಡೆ.

"ಯಾವ ಕಡಿ ಇದ್ದಿ?" ಅಂದಳು.

"ಜನ ಹೊರಗ ಹೋಗಬೇಕು ಅನ್ನೋ ಕಡಿ."

"ಹಂಗಾರ ನಿನ್ನ ಮಾತು ಕೇಳೇ ಬಂದೀನಿ ಅನ್ನು." ಅನ್ನದ ಕುಕ್ಕರಿನ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು. "ಕಪ್ಪಿನಾಗ ನಂದೂ ಪಾಲು ಐತಿ. ಇವತ್ತಿನ ಭಾಂಡಿ ನೀ ತೊಳಿ."

ನನ್ನ ಒಂದು ತಾಸಿನ ಜ್ಞಾನವನ್ನು ಅವಳು ಒಂದೊಂದಾಗಿ ಕಳಚಿದ್ದು ಆ ಅಡುಗೆಮನೆಯಲ್ಲೇ. ಅವಳ ಊರು ರಾಜಧಾನಿಯ ದ್ವೀಪವಲ್ಲ, ಅಲ್ಲಿಂದ ಹಡಗಿನಲ್ಲಿ ಹೋಗಬೇಕಾದ ಬೇರೊಂದು. ಅಲ್ಲಿ ಅವರ ಕುಟುಂಬಕ್ಕೆ ನೆಲವಿದೆ, ಅದು ಯಾರೊಬ್ಬರ ಹೆಸರಿನಲ್ಲೂ ಇಲ್ಲ. ಅಜ್ಜನ ಅಣ್ಣತಮ್ಮಂದಿರ ಮಕ್ಕಳು ಮೊಮ್ಮಕ್ಕಳೆಲ್ಲರದು. ಆ ನೆಲದಲ್ಲಿ ಸಿಹಿನೀರು ಸಿಗುವ ತನಕ ಗುಂಡಿ ತೋಡಿ, ಎಲೆಗೊಬ್ಬರ ತುಂಬಿ, ನಮ್ಮ ಕೆಸುವಿನ ಜಾತಿಯ ಒಂದು ಗಡ್ಡೆ ಬೆಳೆಯುತ್ತಾರೆ. ವರ್ಷಗಟ್ಟಲೆ ಬೆಳೆಯುತ್ತದೆ. ಅಕ್ಕಿ ಹಡಗು ತಡವಾದರೆ ಊರು ಉಣ್ಣುವುದು ಅದನ್ನೇ. ಯಾರ ಗೊಬ್ಬರಕ್ಕೆ ಯಾವ ಎಲೆ, ಎಷ್ಟು ದಿನಕ್ಕೊಮ್ಮೆ ಅನ್ನುವುದು ಮನೆಮನೆಯ ಗುಟ್ಟು. ಅವಳ ಅವ್ವನ ಗುಟ್ಟು ಊರಿನಲ್ಲೇ ಹೆಸರಾದದ್ದಂತೆ.

"ಗಣತಿಯವರು ಬಂದು ಕೆಲಸ ಏನಂತ ಕೇಳ್ತಾರ. ಅವ್ವ 'ಇಲ್ಲ' ಅಂತ ಬರಸ್ತಾಳ. ಬರಸಿ ಗುಂಡಿಗಿ ಇಳೀತಾಳ, ಸಂಜಿಮಟ ಮ್ಯಾಲ ಬರೂದಿಲ್ಲ."

"ಹಂಗಾರ ನಿಮ್ಮ ದೇಶದ ನಿರುದ್ಯೋಗದ ಲೆಕ್ಕ..."

"ನಿಮ್ಮ ಲೆಕ್ಕದಾಗ ನಮ್ಮವ್ವ ನಿರುದ್ಯೋಗಿ. ಈಕಿ ಕೆಲಸ ಬಿಟ್ಟರ ಮನಿ ಹದಿನಾಲ್ಕು ಮಂದಿ ಏನ್ ಉಣ್ಣಬೇಕು, ಅದನ್ನ ಆ ಲೆಕ್ಕದಾವರನ್ನ ಕೇಳು."

ಪ್ರತಿವಾದ ಹುಡುಕುವುದನ್ನು ಬಿಟ್ಟು, ಮಾತು ಚೆನ್ನಾಗಿದೆ, ಎಲ್ಲಾದರೂ ಬಳಸಬಹುದು ಎಂದು ತಲೆಯಲ್ಲಿಟ್ಟುಕೊಂಡೆ. ಬಳಸಿದೆ ಕೂಡ.

ಎರಡನೆಯ ವರ್ಷದ ಚಳಿಗಾಲಕ್ಕೆ ಅವಳು ಬಸುರಿ. ಗಂಡ ಅವಳ ಊರಿನವನೇ, ಸರಕು ಹಡಗಿನಲ್ಲಿ ನಾವಿಕ. ಹಡಗು ಹತ್ತಿದರೆ ಒಪ್ಪಂದ ಮುಗಿಯುವ ತನಕ ಇಳಿಯುವಂತಿಲ್ಲ. ಹೆರಿಗೆಯ ಹೊತ್ತಿಗೆ ಅವನು ಯಾವ ಸಮುದ್ರದಲ್ಲಿರುತ್ತಾನೋ ಅವನಿಗೇ ಗೊತ್ತಿರಲಿಲ್ಲ. ಹಾಗಾಗಿ ಅವ್ವ ಬರಬೇಕು. ಮೂರು ತಿಂಗಳು ಇದ್ದು, ಕೂಸಿಗೂ ತಾಯಿಗೂ ಎಣ್ಣೆ ಹಚ್ಚಿ, ನೀರು ಹಾಕಿ, ಮಗಳು ಎದ್ದು ಓಡಾಡುವಂತಾದ ಮೇಲೆ ಹೋಗುವುದು. ಅವಳು ಇದನ್ನು ನನಗೆ ವಿವರಿಸಲು ಹೊರಟಾಗ ನಾನು ನಕ್ಕೆ.

"ಇದಕ್ಕ ನಮ್ಮಲ್ಲಿ ಹೆಸರ ಐತಿ. ಬಾಣಂತನ."

ಅವಳು ಆ ಪದವನ್ನು ಎರಡು ಸಲ ಹೇಳಿ ನೋಡಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರಾಯಿತು. ಅವಳ ಅವ್ವನೂ ಫೋನಿನಲ್ಲಿ ಹಾಗೇ ಕೇಳತೊಡಗಿದಳು, ಬಾಣಂತನದ ವೀಸಾ ಏನಾಯಿತು ಎಂದು.

ಬಾಣಂತನದ ವೀಸಾ ಅಂದರೆ ನಮ್ಮವರಿಗೆ ಹಲ್ಲುಜ್ಜಿದಷ್ಟು ರೂಢಿ. ಇಲ್ಲಿ ಹೆತ್ತ ಪ್ರತಿ ಕನ್ನಡದ ಹುಡುಗಿಗೂ ಊರಿನಿಂದ ಅಮ್ಮನೋ ಅತ್ತೆಯೋ ಬಂದೇ ಬರುತ್ತಾರೆ. ಹಿಂದಿನ ವರ್ಷವಷ್ಟೇ ಆಕ್ಲೆಂಡಿನ ಮೌಂಟ್ ಆಲ್ಬರ್ಟಿನಲ್ಲಿರುವ ನನ್ನ ದೊಡ್ಡಮ್ಮನ ಮಗಳಿಗೆ ಹೆರಿಗೆಯಾದಾಗ ದೊಡ್ಡಮ್ಮನ ವೀಸಾ ಎರಡು ವಾರದಲ್ಲಿ ಬಂದಿತ್ತು. ವಿಮಾನ ನಿಲ್ದಾಣದಲ್ಲಿ ಸಸ್ಯ ತಪಾಸಣೆಯವರು ಅವಳ ಚೀಲದಿಂದ ಬಜೆಬೇರು, ಬೇವಿನೆಲೆಗಳನ್ನು ಹಿರಿದು ಬುಟ್ಟಿಗೆಸೆದರು. ದೊಡ್ಡಮ್ಮನನ್ನು ಒಳಗೆ ಬಿಟ್ಟರು. ಅವಳು ಮೂರು ತಿಂಗಳಿಗೆಂದು ಬಂದವಳು ವಿಸ್ತರಣೆಯ ಮೇಲೆ ವಿಸ್ತರಣೆ ಪಡೆದು ವರ್ಷ ದಾಟಿಸಿ, ನ್ಯೂ ನಾರ್ತ್ ರೋಡಿನ ತರಕಾರಿ ಅಂಗಡಿಯವನಿಗೆ ಮೆಂತ್ಯೆಸೊಪ್ಪು ತರಿಸುವುದನ್ನು ಕಲಿಸಿದಳು.

ದೊಡ್ಡಮ್ಮನ ಅರ್ಜಿ ತುಂಬಿದವರು ಪೊರಿರುವಾದ ಒಬ್ಬ ಅಂಕಲ್. ಮೈಸೂರಿನವರು, ಸಾಫ್ಟ್‌ವೇರ್ ಕೆಲಸ, ನಮ್ಮ ಅಪ್ಪನ ಸ್ನೇಹಿತರು. ನಮ್ಮವರ ಎಲ್ಲ ಅಪ್ಪ-ಅಮ್ಮಂದಿರ ವೀಸಾ ಫಾರಂಗಳೂ ಅವರ ಊಟದ ಮೇಜಿನ ಮೇಲೆ ತುಂಬಿದವೇ. ಒಂದು ಭಾನುವಾರ ಅವರು ಅಪ್ಪ-ಅವ್ವನ ಮನೆಗೆ ಊಟಕ್ಕೆ ಬಂದಿದ್ದಾಗ ನನ್ನ ಫ್ಲಾಟ್‌ಮೇಟ್ ವಿಷಯ ತೆಗೆದೆ.

"ತುಂಬ ಸಿಂಪಲ್ ಕಣಮ್ಮ," ಅಂದರು. "ಫಾರಮ್ಮು ಏನು ಕೇಳತ್ತೋ ಅದಕ್ಕಷ್ಟೇ ಉತ್ತರ. ಪತ್ರ ಅರ್ಧ ಪುಟ. ಮಗಳ ಹೆರಿಗೆ, ಮೂರು ತಿಂಗಳು, ಖರ್ಚು ನಮ್ಮದು, ವಾಪಸ್ ಟಿಕೆಟ್ ಇದೆ. ಸೈನು. ಆದ್ರೆ..."

"ಆದ್ರೆ?"

"ಅವರದ್ದು ಸ್ವಲ್ಪ ಕಷ್ಟ. ನಮ್ಮೋರು ವಾಪಸ್ ಹೋಗ್ತಾರೆ ಅಂತ ಆಫೀಸರಿಗೆ ಗೊತ್ತಿರತ್ತೆ. ಅಲ್ಲಿ ಏನಿದೆ ಅಂತ ವಾಪಸ್ ಹೋಗ್ಬೇಕು ಹೇಳು? ದೇಶಾನೇ ಮುಳುಗ್ತಾ ಇದೆ."

ಅಲ್ಲಿಗೆ ನಾನು ಊಟ ಬಿಟ್ಟೆ. ನಮ್ಮವರು ವಾಪಸು ಹೋಗುತ್ತಾರೆಯೇ, ಮೌಂಟ್ ಆಲ್ಬರ್ಟಿನಲ್ಲಿ ಕೂತ ದೊಡ್ಡಮ್ಮ ಯಾರವಳು ಎಂದೆ. ಈ ಮೇಜಿನ ಸುತ್ತ ಕೂತವರಲ್ಲಿ ಯಾರೊಬ್ಬರಾದರೂ ತಮ್ಮ ದೇಶದಲ್ಲಿ ಏನೂ ಇಲ್ಲವೆಂದು ಇಲ್ಲಿಗೆ ಬಂದವರೇ, ಎಲ್ಲ ಇದ್ದೂ ಬಂದೆವಲ್ಲ, ಹಾಗಾದರೆ ಎಲ್ಲ ಇರುವವರೇ ತಿರುಗಿ ಹೋಗದಿರುವ ಅಪಾಯ ಹೆಚ್ಚಲ್ಲವೇ ಎಂದೆ. ಗಡ್ಡೆಯ ಗುಂಡಿಯ ಬಗ್ಗೆ ಹೇಳಿದೆ, ಗಣತಿಯ ಮಾತು ಹೇಳಿದೆ. ಅಂಕಲ್ ಎರಡು ಸಲ ಬಾಯಿ ತೆರೆದರು, ಎರಡು ಸಲವೂ ನಾನೇ ಮುಗಿಸಿದೆ. ಅಪ್ಪ ಮಜ್ಜಿಗೆ ನೋಡುತ್ತ ಕೂತರು.

"ಮುಗೀತೇನವಾ?" ಅಂದಳು ನಮ್ಮವ್ವ. "ಪಾಪ, ಅವರು ಉಣ್ಣಾಕ ಬಂದಾರ, ಕೋರ್ಟಿಗಿ ಬಂದಿಲ್ಲ."

ಅಂಕಲ್ ನಕ್ಕರು. ಸಿಟ್ಟಾಗಲಿಲ್ಲ. ಬೂಟು ಹಾಕಿಕೊಳ್ಳುತ್ತ ಬಾಗಿಲಲ್ಲಿ ಹೇಳಿದರು: "ಪಾಯಿಂಟೆಲ್ಲ ಸರೀನೇ ಇದೆ. ಕಳಿಸೋ ಮುಂಚೆ ಒಂದ್ಸಲ ನಂಗೆ ತೋರ್ಸು."

ಗೆದ್ದವಳು ಸೋತವರಿಗೆ ತೋರಿಸುವುದುಂಟೇ? ನಾನು ತೋರಿಸಲಿಲ್ಲ.

ಪತ್ರ ನಾನು ಬರೆದೆ, ಸಹಿ ಅವಳದು. ತೊಡಕು ನಿಜಕ್ಕೂ ಇತ್ತು. ಅರ್ಜಿದಾರರು ತಿರುಗಿ ಹೋಗುತ್ತಾರೆ ಎನ್ನಲು ಏನು ಪುರಾವೆ ಎಂದು ಕೇಳುತ್ತಾರೆ: ನೌಕರಿಯ ಪತ್ರ, ಬ್ಯಾಂಕಿನ ಪತ್ರ, ಆಸ್ತಿಯ ಪತ್ರ. ಅವಳ ಅವ್ವನಿಗೆ ನೌಕರಿಯಿಲ್ಲ. ಬ್ಯಾಂಕಿನಲ್ಲಿ ಹೇಳಿಕೊಳ್ಳುವಂಥದ್ದಿಲ್ಲ. ನೆಲವಿದೆ, ಅದಕ್ಕೆ ಒಬ್ಬರ ಹೆಸರಿನ ಪತ್ರವಿಲ್ಲ. ಅರ್ಧ ಪುಟದಲ್ಲಿ ಇದನ್ನು ಹೇಗೆ ಹೇಳುವುದು? ನಾನು ನಾಲ್ಕು ಪುಟ ಬರೆದೆ. ಆ ದೇಶದ ಕುಟುಂಬ ಹೇಗೆ, ನೆಲ ಯಾರದು, ಹಣವಿಲ್ಲದ ಕೆಲಸ ಹೇಗೆ ಕೆಲಸವಾಗುತ್ತದೆ, ಗುಂಡಿಯನ್ನು ಒಂದು ಋತು ಬಿಟ್ಟರೆ ಏನಾಗುತ್ತದೆ, ಆ ಹೆಂಗಸು ಯಾಕೆ ಹಿಂತಿರುಗಲೇಬೇಕು. ನಾನು ಅದುವರೆಗೆ ಬರೆದದ್ದರಲ್ಲೇ ಅತ್ಯುತ್ತಮ ಬರಹ ಅದು. ಈಗಲೂ ಹಾಗೇ ಅನ್ನಿಸುತ್ತದೆ, ಅದೇ ಕಷ್ಟ.

ಮೂರನೆಯ ಪುಟದಲ್ಲಿ ಟೀಚರ್ ಕಲಿಸಿದ್ದನ್ನು ಮಾಡಿದೆ. 'ಹೀಗೊಂದು ಆಕ್ಷೇಪ ಬರಬಹುದು' ಎಂದು ಶುರುಮಾಡಿ ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಕಟ್ಟಿದೆ. ಆ ದ್ವೀಪದಲ್ಲಿ ಸಂಬಳದ ಕೆಲಸ ಹೆಚ್ಚಿಲ್ಲ, ಯುವಕರು ಹೊರಡುತ್ತಲೇ ಇದ್ದಾರೆ, ಉಪ್ಪುನೀರು ಗುಂಡಿಗಳಿಗೆ ನುಗ್ಗುತ್ತಿದೆ, ಅರ್ಜಿದಾರರ ಒಬ್ಬ ಮಗ ಆಸ್ಟ್ರೇಲಿಯಾದಲ್ಲಿ, ಒಬ್ಬ ಮಗಳು ನ್ಯೂಜಿಲೆಂಡಿನಲ್ಲಿ. ಹೀಗಿರುವಾಗ ಅವರು ಹಿಂತಿರುಗಲು ಬಲವಾದ ಕಾರಣವೇನು? ಮುಂದಿನ ಪ್ಯಾರಾದಲ್ಲಿ ಒಂದೊಂದನ್ನೂ ಒಡೆದೆ.

ಅವಳು ಓದುತ್ತ ಓದುತ್ತ ಮೂರನೆಯ ಪುಟದಲ್ಲಿ ನಿಂತಳು.

"ಇದನ್ನ ಹಾಕೂದು ಬೇಕಾ?"

"ಬೇಕು. ಅವರ ತಲ್ಯಾಗ ಹೆಂಗೂ ಇರತೈತಿ. ನಾವ ಮೊದಲ ಹೇಳಿಬಿಟ್ಟರ ಅವರಿಗೆ ಹೇಳಾಕ ಏನೂ ಉಳಿಯೂದಿಲ್ಲ."

"ಅವರ ತಲ್ಯಾಗ ಇರಲಿಲ್ಲ ಅಂದ್ರ?"

"ಇದ್ದೇ ಇರತೈತಿ."

ಅವಳು ಇನ್ನೊಮ್ಮೆ ಓದಿದಳು. ಬೆರಳು ಆ ಸಾಲುಗಳ ಕೆಳಗೇ ಇತ್ತು. "ಕಲತಾಕಿ ನೀನು," ಅಂದು ಪೆನ್ನು ತೆಗೆದುಕೊಂಡಳು.

ಅತ್ತ ಅವಳ ಅವ್ವ ತನ್ನ ಕಾಗದಪತ್ರಗಳಿಗಾಗಿ ಹಡಗು ಹತ್ತಿ ರಾಜಧಾನಿಯ ದ್ವೀಪಕ್ಕೆ ಹೋದಳು. ಫೋಟೋ, ಸಹಿ, ಸ್ಕ್ಯಾನು. ತಿರುಗಿ ಹೋಗುವ ಹಡಗು ಹಲವು ದಿನ ಇರಲಿಲ್ಲವಾದ್ದರಿಂದ ನಂಟರ ಮನೆಯಲ್ಲಿ ಉಳಿದಳು; ಉಳಿದ ದಿನಗಳಲ್ಲಿ ಮೊಮ್ಮಗುವಿಗೆಂದು ಕೇದಗೆ ಜಾತಿಯ ಗರಿಯ ಚಾಪೆ ಹೆಣೆಯಲು ಶುರುಮಾಡಿದಳು. ವಿಡಿಯೋದಲ್ಲಿ ತೋರಿಸುತ್ತಿದ್ದಳು, ಇವತ್ತು ಒಂದು ಗೇಣು, ಇವತ್ತು ಎರಡು. ಒಮ್ಮೆ ನನ್ನನ್ನು ಕರೆಯಲು ಹೇಳಿ, ಮಗಳ ಬಾಯಲ್ಲಿ ಕೇಳಿಸಿದಳು: ಅಲ್ಲಿನ ಚಳಿಗೆ ಎಂಥ ಸ್ವೆಟರ್ ಬೇಕು? ನಾನು ಕಂಪ್ಯೂಟರಿನಿಂದ ಕತ್ತೆತ್ತದೆ, ನಮ್ಮವ್ವನದೊಂದು ಕೊಡುತ್ತೇನೆ, ತರಬೇಡಿ ಎಂದೆ.

ಉತ್ತರ ಬಂದದ್ದು ಹೆರಿಗೆಗೆ ಐದು ವಾರ ಇರುವಾಗ. ಶನಿವಾರ ಮಧ್ಯಾಹ್ನ, ಇಬ್ಬರೂ ಅಡುಗೆಮನೆಯಲ್ಲಿ ಹೀಟರಿನ ಮುಂದೆ ಕೂತಿದ್ದೆವು. ಅವಳ ಫೋನಿಗೆ ಬಂತು. ಅವಳು ಓದಿ ನನಗೆ ಕೊಟ್ಟಳು.

ನಿರಾಕರಿಸಿದ್ದರು. ಕಾರಣ ಒಂದು ಪ್ಯಾರಾ. 'ನಿಮ್ಮ ಮಗಳು ತಮ್ಮ ಪತ್ರದಲ್ಲೇ ಒಪ್ಪಿಕೊಂಡಿರುವಂತೆ' ಎಂದು ಶುರುವಾಗಿ, ಸಂಬಳದ ಕೆಲಸ ಹೆಚ್ಚಿಲ್ಲ, ಯುವಕರು ಹೊರಡುತ್ತಿದ್ದಾರೆ, ಉಪ್ಪುನೀರು ನುಗ್ಗುತ್ತಿದೆ, ಮಕ್ಕಳಿಬ್ಬರೂ ಹೊರದೇಶದಲ್ಲಿ. ನನ್ನ ಮಾತುಗಳೇ, ನಾನು ಇಟ್ಟ ಅನುಕ್ರಮದಲ್ಲೇ. ನಾನು ಹಾಕಿದ್ದ ಒಂದು ಅಲ್ಪವಿರಾಮವೂ ಹಾಗೇ ಇತ್ತು. ಆದ್ದರಿಂದ ಅರ್ಜಿದಾರರು ಹಿಂತಿರುಗುವ ಬಗ್ಗೆ ನಮಗೆ ಭರವಸೆ ಮೂಡಿಲ್ಲ.

"ಇದರ ಮುಂದಿಂದು ಎಲ್ಲೈತಿ?" ಅವಳು ಕೇಳಿದಳು. "ನೀ ಒಡದಿದ್ದೆಲ್ಲ, ಅದು?"

"ಅದನ್ನ ಅವರು ತಗೊಂಡಿಲ್ಲ."

ಹೀಟರು ಟಿಕ್ ಎಂದು ಆರಿತು, ಮತ್ತೆ ಹೊತ್ತಿಕೊಂಡಿತು.

"ನನಗೊಂದು ತಿಳೀವಲ್ತು," ಅಂದಳು. ದನಿ ಏರಿಸಲಿಲ್ಲ. "ನೀ ಯಾಕ ಅವರ ಪರವಾಗಿ ಬರದಿ?"

ನಾನು ವಿವರಿಸಿದೆ. ಟೀಚರ್, ಅಂಕದ ಹಾಳೆ, ಕಾಲಮ್ಮು. ತೀರ್ಪುಗಾರರು ಎರಡೂ ಕಡೆ ಕೇಳಿ ತೂಗುವವರು ಎಂಬ ನಂಬಿಕೆ. ಅವಳು ಪೂರ್ತಿ ಕೇಳಿದಳು, ನಡುವೆ ಬಾಯಿ ಹಾಕಲಿಲ್ಲ. ನನ್ನ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ಯಾರೂ ಇಲ್ಲ.

"ಅಲ್ಲಿ ಎರಡು ಕಡಿ ಇರಲಿಲ್ಲ," ಅಂದಳು ಕೊನೆಗೆ. "ಫಾರ್ಮ್ ಇತ್ತು ಅಷ್ಟ."

ತನ್ನ ಅವ್ವನಿಗೆ ಅವಳೇ ಹೇಳಿದಳು. ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದ್ದರಿಂದ ಏನು ಹೇಳಿದಳೋ ಗೊತ್ತಿಲ್ಲ. ನನ್ನ ಹೆಸರು ಮಾತ್ರ ಕೇಳಿಸಲಿಲ್ಲ. ಕೇಳಿಸಿದ್ದರೆ ಚೆನ್ನಾಗಿತ್ತು. ಒಂದೇ ಒಂದು ಪದ ಎರಡು ಸಲ ಕೇಳಿತು, ಬಾಣಂತನ.

ಆಗ ಅಂಕಲ್‌ಗೆ ಫೋನ್ ಮಾಡಿದೆ. ಪತ್ರದ ನಕಲು ಕಳಿಸಿದೆ. ಅವರು ಓದಿ ತಿರುಗಿ ಫೋನ್ ಮಾಡಿದರು. ಬೈಯುತ್ತಾರೆ, ಕಡೇಪಕ್ಷ ನಾನು ಹೇಳಲಿಲ್ಲವಾ ಅನ್ನುತ್ತಾರೆ ಎಂದು ಕಾದೆ. "ತುಂಬ ಚೆನ್ನಾಗಿ ಬರ್ದಿದೀಯ ಕಣಮ್ಮ," ಅಂದರು. ವ್ಯಂಗ್ಯವಿರಲಿಲ್ಲ, ಬೇಸರವಿತ್ತು. "ಇನ್ನೊಂದ್ಸಲ ಹಾಕ್ಬೋದು. ಆದ್ರೆ ಈಗ ಫೈಲಲ್ಲಿ ಈ ಪತ್ರ ಕೂತಿದೆ. ಮುಂದೆ ಯಾವ ದೇಶಕ್ಕೆ ಹಾಕಿದ್ರೂ ಕೇಳ್ತಾರೆ, ಹಿಂದೆ ನಿರಾಕರಣೆ ಆಗಿದ್ಯಾ ಅಂತ. ಹೌದು ಅನ್ಬೇಕು."

ಮತ್ತೊಮ್ಮೆ ಹಾಕೋಣವೇ ಎಂದು ಕೇಳಿದಾಗ ಫ್ಲಾಟ್‌ಮೇಟ್ ಬೇಡವೆಂದಳು. ಹೊತ್ತೂ ಇರಲಿಲ್ಲ. "ಮತ್ತ ಆಕಿನ್ನ ಹಡಗ ಹತ್ತಸಿ, ಸಹಿ ಹಾಕಸಿ, ಮತ್ತ ಬ್ಯಾಡ ಅನಸ್ಕೊಳ್ಳೂದು? ನಮ್ಮವ್ವ ಯಾರ ಮನಿ ಬಾಗಿಲಾಗೂ ಹಂಗ ನಿಂತಾಕಿ ಅಲ್ಲ."

ಏಳನೆಯ ತಿಂಗಳ ತನಕ ಸೈಕಲ್ ತುಳಿದು, ಆಮೇಲೆ ಬಸ್ಸಿನಲ್ಲಿ ಅವಳು ಕೆಲಸಕ್ಕೆ ಹೋದಳು. ಅವಳ ಕೆಲಸ ಇಲ್ಲಿಯವರ ಅಮ್ಮಂದಿರಿಗೆ ಸ್ನಾನ ಮಾಡಿಸುವುದು, ತಲೆ ಬಾಚುವುದು, ಚಮಚೆಯಲ್ಲಿ ಉಣಿಸುವುದು. ಆ ಕೆಲಸಕ್ಕೆ ಈ ದೇಶದಲ್ಲಿ ಜನ ಸಾಲುವುದಿಲ್ಲವಂತೆ. ನನ್ನ ಎಂಟು ನಿಮಿಷದ ಭಾಷಣದಲ್ಲಿ ಈ ಅಂಶವೂ ಇತ್ತು, ಎರಡೂ ಕಡೆಗೆ ಲಾಭ ಎಂಬ ತಲೆಬರಹದ ಕೆಳಗೆ.

ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಗೆ ನಾನು ಹೋಗಿದ್ದೆ. ಒಂದು ವಾರದ ಮೇಲೆ ಆಕ್ಲೆಂಡಿಗೆ ಬಂದ ಅವರ ಊರಿನವರೊಬ್ಬರ ಕೈಯಲ್ಲಿ ಚಾಪೆ ಬಂತು. ಗರಿಯ ವಸ್ತುವಾದ್ದರಿಂದ ವಿಮಾನ ನಿಲ್ದಾಣದಲ್ಲಿ ಬಿಚ್ಚಿ, ತಿರುವಿ, ಹುಳುವಿದೆಯೇ ಎಂದು ದೀಪ ಬಿಟ್ಟು ನೋಡಿದರಂತೆ. ನೋಡಿ, ಒಳಗೆ ಬಿಟ್ಟರು. ತಪಾಸಣೆಯಲ್ಲಿ ಪಾಸಾಯಿತೆಂದು ಹಸಿರು ಚೀಟಿ ಅಂಟಿಸಿದ್ದರು. ಅವಳು ಆ ಚೀಟಿಯನ್ನು ಉಗುರಿನಿಂದ ಕಿತ್ತು, ನನ್ನ ಮುಖ ನೋಡಿ, ಕಸದ ಬುಟ್ಟಿಗೆ ಹಾಕಿದಳು.

ನಮ್ಮವ್ವ ಪೊರಿರುವಾದಿಂದ ಬಾಣಂತಿಗೆಂದು ಎರಡು ಡಬ್ಬಿ ಅಂಟಿನುಂಡಿ ಮಾಡಿಕೊಂಡು ಬಂದಳು. ಶನಿವಾರ ಬಂದು ಭಾನುವಾರ ಹೋದಳು; ಇರುವಷ್ಟು ಹೊತ್ತು ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದಳು. ಫ್ಲಾಟ್‌ಮೇಟ್ ಬಚ್ಚಲ ಬಾಗಿಲಲ್ಲಿ ನಿಂತು ಫೋನ್ ಹಿಡಿದಿದ್ದಳು, ಅವಳ ಅವ್ವನಿಗೆ ಕಾಣಲಿ ಎಂದು. ಸಿಗ್ನಲ್ ಕಡಿದು ಕಡಿದು ಬರುತ್ತಿತ್ತು. ಆ ಕಡೆಯಿಂದ ಏನೋ ಹೇಳಿದರು, ಫ್ಲಾಟ್‌ಮೇಟ್ ಇಂಗ್ಲಿಷಿಗೆ ತಿರುಗಿಸಿ ಹೇಳಿದಳು: "ಕುತ್ತಿಗಿ ಹಿಂದ ಇನ್ನೊಂದೀಟು ಎಣ್ಣಿ ಹಚ್ಚಬೇಕಂತ."

"ಹೌದನು," ಅಂದಳು ನಮ್ಮವ್ವ ಫೋನಿನ ಕಡೆ ನೋಡಿ, ಕನ್ನಡದಲ್ಲೇ. "ನೀವ ಬಂದು ಹಚ್ಚಿದ್ರ ಚಲೋ ಇತ್ತು ನೋಡ್ರಿ."

ಅದನ್ನು ಅನುವಾದಿಸು ಎಂದು ಫ್ಲಾಟ್‌ಮೇಟ್ ನನ್ನತ್ತ ತಿರುಗಿದಳು. ನಾನು, ಆಯ್ತಂತೆ, ಹಚ್ಚುತ್ತಾಳಂತೆ ಎಂದೆ.

ಅಂಟಿನುಂಡಿಯಲ್ಲಿ ಅವಳು ಒಂದು ತಿಂದಳು. ಉಳಿದವು ನಾನು ತಿಂದೆ.

ಕೂಸಿಗೆ ಐದು ತಿಂಗಳಾದಾಗ ಅವಳು ಕೆಲಸ ಬಿಟ್ಟಳು. ಒಬ್ಬಳೇ ಕೂಸನ್ನು ಇಟ್ಟುಕೊಂಡು ಪಾಳಿಯ ಕೆಲಸ ಮಾಡುವುದು ಆಗಲಿಲ್ಲ. ಕೂಸನ್ನು ನೋಡಿಕೊಳ್ಳುವವರಿಗೆ ಕೊಡುವುದೂ ಅವಳ ಸಂಬಳವೂ ಒಂದೇ ಆಗುತ್ತಿತ್ತು. ಚೀಟಿಯಲ್ಲಿ ಹೆಸರು ಬಂದು ಪಡೆದ ಜಾಗವನ್ನು ಬಿಟ್ಟು ಅವಳು ಅವ್ವನ ಹತ್ತಿರ ಹೋಗುವುದೆಂದಾಯಿತು. ಬಸ್ ನಿಲ್ದಾಣಕ್ಕೆ ನಾನು ಸಾಮಾನು ಹೊತ್ತೆ. ಆಕ್ಲೆಂಡ್, ಅಲ್ಲಿಂದ ಫಿಜಿ, ಅಲ್ಲಿಂದ ಸಣ್ಣ ವಿಮಾನ, ಆಮೇಲೆ ಹಡಗು. ಚಾಪೆ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದಳು.

"ನೀ ಒಡದಿದ್ದು ಖರೇನ ಇತ್ತು ನೋಡು," ಅಂದಳು. "ತಿರುಗಿ ಹೋಗಾಕ ಕಾರಣ ಇರತಾವ."

ಚುಚ್ಚಿದಳೋ ಸಮಾಧಾನ ಹೇಳಿದಳೋ ತಿಳಿಯಲಿಲ್ಲ. ಒಬ್ಬಳು ಮುದುಕಿ ಮೂರು ತಿಂಗಳು ಬಂದು ಉಳಿದುಬಿಟ್ಟಾಳೆಂದು ಹೆದರಿ, ದುಡಿಯುವ ಒಬ್ಬಳನ್ನೂ ಇಲ್ಲೇ ಹುಟ್ಟಿದ ಒಂದು ಕೂಸನ್ನೂ ಈ ದೇಶ ಕಳಿಸಿಕೊಟ್ಟಿತು ಎಂದು ಬಸ್ಸು ಹೋದ ಮೇಲೆ ನನ್ನ ತಲೆಯಲ್ಲಿ ವಾಕ್ಯ ತಾನೇ ಕಟ್ಟಿಕೊಂಡಿತು. ಮೇಜು ಬಡಿಯುವಂಥ ವಾಕ್ಯ. ನನ್ನ ಹೆಸರನ್ನು ಅದರಿಂದ ಎಷ್ಟು ಜಾಣತನದಿಂದ ಬಿಟ್ಟಿದ್ದೆನೆಂದು ಸೈಕಲ್ ಬೀಗ ತೆಗೆಯುವಾಗ ಗೊತ್ತಾಯಿತು.

ಕಳೆದ ತಿಂಗಳು ಅವಳ ಸಂದೇಶ ಬಂತು. ಕೂಸು ನಡೆಯುತ್ತಿದೆ. ಅವ್ವನ ಕಣ್ಣಿಗೆ ಪೊರೆ ಬಂದಿದೆ, ಆಸ್ಟ್ರೇಲಿಯಾದಲ್ಲಿರುವ ಅಣ್ಣ ಅಲ್ಲಿ ತೋರಿಸೋಣ ಅನ್ನುತ್ತಿದ್ದಾನೆ, ಫಾರ್ಮ್ ತುಂಬುತ್ತಿದ್ದೇವೆ. ಅದರಲ್ಲಿ ಒಂದು ಪ್ರಶ್ನೆ: ಯಾವುದಾದರೂ ದೇಶ ಹಿಂದೆ ನಿಮಗೆ ವೀಸಾ ನಿರಾಕರಿಸಿದೆಯೇ, ಹೌದಾದರೆ ವಿವರ. 'ಇದರಾಗ ಏನ್ ಬರೀಲಿ? ನೀನ ಹೇಳಬೇಕು' ಎಂದು ಬರೆದಿದ್ದಳು.

ಅರ್ಧ ದಿನ ಕೂತು ಒಂದು ಸಾಲು ಬರೆದೆ. ಪಾಮರ್ಸ್ಟನ್ ನಾರ್ತ್‌ನಿಂದ ಪೊರಿರುವಾಕ್ಕೆ ಹೋಗಿ ಅಂಕಲ್ ಮನೆಯ ಊಟದ ಮೇಜಿನ ಮೇಲಿಟ್ಟೆ. 'ಮಗಳ ಹೆರಿಗೆಗೆಂದು ಹಾಕಿದ ಸಂದರ್ಶಕರ ವೀಸಾ ಅರ್ಜಿಯನ್ನು, ಬೆಂಬಲ ಪತ್ರದ ಒಂದು ಭಾಗವನ್ನು ತಪ್ಪಾಗಿ ಓದಿಕೊಂಡದ್ದರಿಂದ, ನ್ಯೂಜಿಲೆಂಡ್ ನಿರಾಕರಿಸಿತ್ತು.'

ಅಂಕಲ್ ಕನ್ನಡಕ ಏರಿಸಿ ಓದಿದರು. ಪೆನ್ಸಿಲ್ ತೆಗೆದು, ನನ್ನನ್ನು ಏನೂ ಕೇಳದೆ, ಎರಡು ಅಲ್ಪವಿರಾಮಗಳ ನಡುವಿನದನ್ನೆಲ್ಲ ಹೊಡೆದುಹಾಕಿದರು.

"ಇಷ್ಟು ಸಾಕು," ಅಂದರು.

ನಾನು ಹೂಂ ಎಂದೆ. ಉಳಿದದ್ದನ್ನು ಅವಳಿಗೆ ಕಳಿಸಿದೆ.